ಎರಡು ಸಿನಿಮಾಗಳ ನಡುವೆ ಉಳಿಯುವುದು: ಸಣ್ಣ ನಿರ್ಮಾಣ ಸಂಸ್ಥೆ ಬೆಳೆಸುವ ಬಗೆ

ಗಾಂಧಿನಗರದಲ್ಲಿ ಪ್ರತಿ ವರ್ಷ ಹೊಸ ಬ್ಯಾನರ್‌ಗಳು ಹುಟ್ಟುತ್ತವೆ. ಹೆಚ್ಚಿನವು ಒಂದೇ ಸಿನಿಮಾಕ್ಕೆ ನಿಂತುಹೋಗುತ್ತವೆ. ಸಿನಿಮಾ ಚೆನ್ನಾಗಿದ್ದೂ ನಿಂತ ಸಂಸ್ಥೆಗಳು ಬೇಕಾದಷ್ಟಿವೆ. ಚಿತ್ರೀಕರಣ ಮುಗಿದು ಕುಂಬಳಕಾಯಿ ಒಡೆದ ಹೊತ್ತಿಗೆ ಬಿಡುಗಡೆಗೆ ದುಡ್ಡಿರುವುದಿಲ್ಲ. ಬಿಡುಗಡೆಯಾದ ಮೇಲೆ ನೋಡಿದರೆ ಹಕ್ಕುಗಳು ಯಾರ್‍ಯಾರ ಕೈಲೋ ಹಂಚಿಹೋಗಿರುತ್ತವೆ. ಮುಂದಿನ ಕಥೆ ಕುದುರುವ ತನಕ ಆಫೀಸಿನ ಬಾಡಿಗೆ ಕಟ್ಟಲು ದಾರಿ ಇರುವುದಿಲ್ಲ. ಒಂದರಿಂದ ಎರಡು ಕೋಟಿ ರೂಪಾಯಿಯೊಳಗೆ ಮೊದಲ ಸಿನಿಮಾ ಮಾಡಿ, ಎರಡನೆಯದಕ್ಕೂ ಮೂರನೆಯದಕ್ಕೂ ಉಳಿಯಬೇಕು ಎನ್ನುವವರಿಗಾಗಿ ಈ ಬರಹ.

ಸಂಸ್ಥೆಯ ಕಟ್ಟು

ಒಬ್ಬರೇ ಮಾಲೀಕರಾಗಿ ಬ್ಯಾನರ್ ತೆರೆಯುವುದು ಸುಲಭ. ಆದರೆ ಸಿನಿಮಾದ ಸಾಲ ನೇರವಾಗಿ ನಿಮ್ಮ ಮನೆ, ಸೈಟಿನ ಮೇಲೆ ಬಂದು ಕೂರುತ್ತದೆ. ಇಬ್ಬರು ಮೂವರು ಗೆಳೆಯರು ತಮ್ಮದೇ ದುಡ್ಡಿನಲ್ಲಿ ಶುರುಮಾಡುವುದಾದರೆ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ ಸಾಕು. ವಹಿವಾಟು ವರ್ಷಕ್ಕೆ ₹40 ಲಕ್ಷ ಅಥವಾ ಹೂಡಿದ ಬಂಡವಾಳ ₹25 ಲಕ್ಷ ದಾಟುವ ತನಕ ಅದಕ್ಕೆ ಕಡ್ಡಾಯ ಆಡಿಟ್ ಕೂಡ ಇಲ್ಲ. ಹೊರಗಿನವರ ಹಣ ತರುವ ಯೋಚನೆ ಇದ್ದರೆ ಮೊದಲೇ ಪ್ರೈವೇಟ್ ಲಿಮಿಟೆಡ್ ಮಾಡಿಕೊಳ್ಳಿ, ಏಕೆಂದರೆ ಎಲ್‌ಎಲ್‌ಪಿಯಲ್ಲಿ ಷೇರು ಕೊಡಲು ಬರುವುದಿಲ್ಲ. ಮಧ್ಯದಲ್ಲಿ ಬದಲಾಯಿಸಹೊರಟರೆ ಅಷ್ಟರಲ್ಲಿ ಮಾಡಿಕೊಂಡ ಒಪ್ಪಂದಗಳನ್ನೆಲ್ಲ ಮತ್ತೆ ತಿರುವಿಹಾಕಬೇಕಾಗುತ್ತದೆ.

ಪಾಲುದಾರರ ಒಪ್ಪಂದದಲ್ಲಿ ಲಾಭದ ಪಾಲಿಗಿಂತ ಮುಖ್ಯವಾದ ಒಂದು ಸಾಲಿದೆ: ಒಬ್ಬರು ಬಿಟ್ಟುಹೋದರೆ ಆಗಲೇ ಮುಗಿದ ಸಿನಿಮಾದ ಹಕ್ಕು ಸಂಸ್ಥೆಯಲ್ಲೇ ಉಳಿಯುತ್ತದೆ, ಹೋದವರಿಗೆ ಬರುವುದು ಹಣದ ಪಾಲು ಮಾತ್ರ. ಇದನ್ನು ಬರೆಯದೆ ಬಿಟ್ಟರೆ, ಐದು ವರ್ಷದ ನಂತರ ಯಾರೋ ಹಿಂದಿ ಡಬ್ಬಿಂಗ್ ಹಕ್ಕು ಕೇಳಿಕೊಂಡು ಬಂದಾಗ ಮಾತು ಬಿಟ್ಟ ಗೆಳೆಯನ ಸಹಿಗಾಗಿ ಅಲೆಯಬೇಕು.

ಬ್ಯಾನರನ್ನೂ ಶೀರ್ಷಿಕೆಯನ್ನೂ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿ. 1944ರಲ್ಲಿ ಶುರುವಾದ ಈ ಮಂಡಳಿಯೇ ಶೀರ್ಷಿಕೆಯ ತಕರಾರುಗಳನ್ನು ಬಗೆಹರಿಸುವುದು. ಪೋಸ್ಟರ್ ಬಿಟ್ಟ ಮೇಲೆ ಅದೇ ಹೆಸರು ಇನ್ನೊಬ್ಬರ ಹೆಸರಿನಲ್ಲಿದೆ ಎಂದು ಗೊತ್ತಾದರೆ ಪ್ರಚಾರಕ್ಕೆ ಹಾಕಿದ ದುಡ್ಡೆಲ್ಲ ಮಣ್ಣುಪಾಲು. ಸಂಸ್ಥೆಯ ಹೆಸರಿಗೆ ಮನರಂಜನೆಯ ಸೇವೆಗಳಿರುವ 41ನೇ ವರ್ಗದಲ್ಲಿ ಟ್ರೇಡ್‌ಮಾರ್ಕ್ ಅರ್ಜಿಯನ್ನೂ ಹಾಕಿಬಿಡಿ.

ಪ್ರತಿ ಸಿನಿಮಾಕ್ಕೂ ಬೇರೆ ಬ್ಯಾಂಕ್ ಖಾತೆ ಇರಲಿ. ಇದರಲ್ಲಿ ರಾಜಿ ಬೇಡ.

ಹಣ ತರುವುದು

ಫೈನಾನ್ಷಿಯರ್ ಹತ್ತಿರ ಹೋಗುವ ಮುನ್ನ ಬಡ್ಡಿಯನ್ನು ಕಾಗದದ ಮೇಲೆ ಬರೆದು ನೋಡಿ. ₹60 ಲಕ್ಷ ಸಾಲ, ತಿಂಗಳಿಗೆ ನೂರಕ್ಕೆ ಎರಡೂವರೆ ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳಿ. ತಿಂಗಳಿಗೆ ₹1.5 ಲಕ್ಷ ಆಯಿತು. ಮುಹೂರ್ತದಿಂದ ಬಿಡುಗಡೆಗೆ 18 ತಿಂಗಳು ಹಿಡಿದರೆ ಬಡ್ಡಿಯೇ ₹27 ಲಕ್ಷ. ಆರು ತಿಂಗಳು ತಡವಾದರೆ ಮೇಲೆ ಇನ್ನೂ ₹9 ಲಕ್ಷ. ಹಾಗಾಗಿ ಸಾಲದ ಹಣವನ್ನು ಕಥೆ ಬರೆಯಲು, ಲೊಕೇಶನ್ ಹುಡುಕಲು ಮುಟ್ಟಬೇಡಿ. ಅವಕ್ಕೆ ಸ್ವಂತ ಹಣವೇ ಆಗಬೇಕು. ಸಾಲ ತರುವುದು ಕೊನೆಯ ಘಟ್ಟಕ್ಕೆ, ಅಂದರೆ ಎಡಿಟ್ ಲಾಕ್ ಆಗಿ (ಸಂಕಲನ ಇನ್ನು ಬದಲಾಗದಂತೆ ಅಂತಿಮವಾಗಿ) ಬಿಡುಗಡೆ ದಿನಾಂಕ ಕಣ್ಣಿಗೆ ಕಾಣುವಾಗ.

ಸಾಲ ಕೊಟ್ಟವರು ಸಾಮಾನ್ಯವಾಗಿ ಲ್ಯಾಬ್ ಲೆಟರ್ ಕೇಳುತ್ತಾರೆ. ತಮ್ಮ ಬಾಕಿ ತೀರುವ ತನಕ ಮಾಸ್ಟರ್ ಕಾಪಿಯನ್ನು ಯಾರಿಗೂ ಕೊಡಬಾರದು ಎಂದು ಪೋಸ್ಟ್ ಪ್ರೊಡಕ್ಷನ್ ಸ್ಟುಡಿಯೋದಿಂದ ಬರೆಸಿಕೊಳ್ಳುವ ಪತ್ರ ಅದು. ಕೊಡುವುದಾದರೆ ಮೊತ್ತ, ಕೊನೆಯ ದಿನಾಂಕ, ಬಾಕಿ ತೀರಿದ ಎಷ್ಟು ದಿನದೊಳಗೆ ಪತ್ರ ಹಿಂದಕ್ಕೆ ಬರಬೇಕು ಎಂಬ ಮೂರೂ ಅದರಲ್ಲಿರಲಿ. ಮೊತ್ತವಿಲ್ಲದ ಲ್ಯಾಬ್ ಲೆಟರ್ ಬಿಡುಗಡೆಯ ಹಿಂದಿನ ರಾತ್ರಿ ನಿಮ್ಮ ಕುತ್ತಿಗೆಗೇ ಬರುತ್ತದೆ.

ಜನರಿಂದ ಹಣ ಕೂಡಿಸುವ ದಾರಿಯೂ ಕನ್ನಡಕ್ಕೆ ಹೊಸದಲ್ಲ. 2013ರಲ್ಲಿ ತೆರೆಕಂಡ ‘ಲೂಸಿಯಾ’ ಪ್ರೇಕ್ಷಕರ ಹಣದಿಂದಲೇ ಆದ ಸಿನಿಮಾ. ಆದರೆ ಕಾನೂನು ಈಗ ಬಿಗಿಯಾಗಿದೆ. ಲಾಭ ಸೇರಿಸಿ ವಾಪಸ್ ಕೊಡುತ್ತೇವೆಂದು ಸಾರ್ವಜನಿಕರಿಂದ ಹಣ ತೆಗೆದುಕೊಂಡರೆ ಅದು ಠೇವಣಿ ಎನಿಸಿಕೊಂಡು 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯಡಿ ಸಿಕ್ಕಿಬೀಳುವ ಅಪಾಯವಿದೆ. ಕಂಪನಿ ಖಾಸಗಿಯಾಗಿ ಷೇರು ಕೊಡುವುದಾದರೂ ವರ್ಷಕ್ಕೆ 200 ಜನರನ್ನು ಮೀರಿ ಕೇಳುವಂತಿಲ್ಲ, ಜಾಹೀರಾತು ಹಾಕುವಂತಿಲ್ಲ. ಫೇಸ್‌ಬುಕ್ ಪೋಸ್ಟಿನಲ್ಲಿ ‘ಹೂಡಿಕೆ ಮಾಡಿ, ಲಾಭ ಪಡೆಯಿರಿ’ ಎಂದು ಬರೆಯುವುದು ದೊಡ್ಡ ತಪ್ಪು. ಮುಂಗಡ ಟಿಕೆಟ್, ಟೈಟಲ್ ಕಾರ್ಡಿನಲ್ಲಿ ಹೆಸರು, ವಿಶೇಷ ಪ್ರದರ್ಶನ ಇಂಥ ಪ್ರತಿಫಲ ಇಟ್ಟು ಕೇಳುವುದು ಹೆಚ್ಚು ಸುರಕ್ಷಿತ.

ಬಜೆಟ್: ಮೊದಲು ಬಿಡುಗಡೆ, ಆಮೇಲೆ ಚಿತ್ರೀಕರಣ

ಒಟ್ಟು ಹಣದಲ್ಲಿ ಕಾಲುಭಾಗಕ್ಕಿಂತ ಕಡಿಮೆಯಿಲ್ಲದಂತೆ ಪ್ರಚಾರ ಮತ್ತು ಬಿಡುಗಡೆಗೆ ತೆಗೆದು ಬೇರೆ ಖಾತೆಯಲ್ಲಿಡಿ, ಅದಕ್ಕೆ ಇಬ್ಬರ ಸಹಿ ಬೇಕೆಂದು ಮಾಡಿ. ಇನ್ನು ಶೇ 10 ಅನಿರೀಕ್ಷಿತಕ್ಕೆ. ಉಳಿದದ್ದರಲ್ಲಿ ಸಿನಿಮಾ ಆಗುವುದಿಲ್ಲವೆಂದರೆ ಚಿತ್ರಕಥೆ ಕತ್ತರಿಸಿ. ಬಿಡುಗಡೆಯ ಖಾತೆಗೆ ಕೈ ಹಾಕಬೇಡಿ.

ಊಟ ಮತ್ತು ವಸತಿಯನ್ನು ಹೊಸಬರು ಯಾವಾಗಲೂ ಕಡಿಮೆ ಅಂದಾಜು ಮಾಡುತ್ತಾರೆ. 45 ಜನರ ಯೂನಿಟ್, ತಲೆಗೆ ದಿನಕ್ಕೆ ₹1,400, 24 ದಿನ ಎಂದರೆ ₹15,12,000. ಇದಕ್ಕೆ ಕ್ಯಾಮೆರಾ ಮತ್ತು ಲೈಟ್ ಬಾಡಿಗೆ, ವಾಹನ, ಜನರೇಟರ್ ಡೀಸೆಲ್, ಬಾಟಾ (ದಿನಭತ್ಯೆ) ಸೇರಿದರೆ ಇಷ್ಟು ಚಿಕ್ಕ ಯೂನಿಟ್ಟಿನಲ್ಲೂ ಒಂದು ಹೆಚ್ಚುವರಿ ದಿನದ ಬೆಲೆ ಸುಲಭವಾಗಿ ₹2 ಲಕ್ಷ ಮುಟ್ಟುತ್ತದೆ. ನಿರ್ದೇಶಕರಿಗೂ ಛಾಯಾಗ್ರಾಹಕರಿಗೂ ಈ ಸಂಖ್ಯೆ ಮೊದಲ ದಿನವೇ ಗೊತ್ತಿರಬೇಕು. ಕಾಲ್‌ಶೀಟ್, ಅಂದರೆ ಒಂದು ದಿನಕ್ಕೆ ಗೊತ್ತುಪಡಿಸಿದ ಕೆಲಸದ ಹೊತ್ತು, ಮೀರಿದರೆ ಅರ್ಧ ಕಾಲ್‌ಶೀಟ್ ಹೆಚ್ಚಿಗೆ ಕೊಡಬೇಕು. ಸಂಜೆ ಅರ್ಧಗಂಟೆಯ ಒಂದು ಶಾಟ್‌ಗಾಗಿ ಇಡೀ ಯೂನಿಟ್ಟಿಗೆ ಒಂದೂವರೆ ಕಾಲ್‌ಶೀಟ್ ಕೊಟ್ಟರೆ ಆ ಶಾಟ್ ಎಷ್ಟು ದುಬಾರಿ ಎಂದು ಪ್ರೊಡಕ್ಷನ್ ಮ್ಯಾನೇಜರ್ ಅಲ್ಲೇ ಹೇಳುವಂತಿರಬೇಕು. ಮಳೆಗಾಲದ ಮಲೆನಾಡಿನಲ್ಲಿ ಚಿತ್ರೀಕರಣವಾದರೆ ಐದು ದಿನಕ್ಕೊಂದು ದಿನ ಕೈಬಿಟ್ಟಂತೆಯೇ ಎಂದುಕೊಂಡು, ಒಳಾಂಗಣದ ಒಂದು ದೃಶ್ಯವನ್ನು ಸದಾ ಸಿದ್ಧವಾಗಿಟ್ಟಿರಿ.

ಹಕ್ಕುಗಳ ಕಡತ

ಸಂಸ್ಥೆಯ ನಿಜವಾದ ಆಸ್ತಿ ಇರುವುದು ಇಲ್ಲಿ. ಕಟ್ಟಡ, ಕ್ಯಾಮೆರಾ ಯಾವುದೂ ಅಲ್ಲ. ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ನಿರ್ಮಾಪಕರೇ, ಪ್ರಕಟವಾದ ಮೇಲೆ 60 ವರ್ಷ ಹಕ್ಕು ಇರುತ್ತದೆ. ಆದರೆ ಕಥೆ, ಚಿತ್ರಕಥೆ, ಸಂಭಾಷಣೆ, ಸಂಗೀತ, ಸಾಹಿತ್ಯ ಒಂದೊಂದೂ ಬೇರೆ ಬೇರೆ ಕೃತಿ. ಒಂದೊಂದಕ್ಕೂ ಲಿಖಿತ ಒಪ್ಪಂದ ಬೇಕು.

ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದೇ ವರ್ಷ ಎಂದು ಓದಿಕೊಳ್ಳುತ್ತದೆ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಬರೆದುಕೊಟ್ಟ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತು ಬರೆದಿಲ್ಲವಾದರೆ, ಅದು ಮರಳಿ ಬರಹಗಾರರಿಗೇ ಹೋಗುತ್ತದೆ. ಕಥೆ ಕೊಂಡು ಎರಡು ವರ್ಷ ಹಣಕ್ಕಾಗಿ ಓಡಾಡುವ ಸಣ್ಣ ಸಂಸ್ಥೆಗೆ ಈ ಕೊನೆಯ ಮಾತೇ ಉರುಳು. ‘ಪೂರ್ಣ ಕೃತಿಸ್ವಾಮ್ಯದ ಅವಧಿಗೆ, ಇಡೀ ಜಗತ್ತಿಗೆ, ಒಂದು ವರ್ಷದೊಳಗೆ ಬಳಸದಿದ್ದರೂ ಹಕ್ಕು ಹೋಗುವುದಿಲ್ಲ’ ಎಂದು ಮೂರನ್ನೂ ಬಿಡಿಸಿ ಬರೆಸಿ. ಹಾಗೆ ಬರೆಸಿಕೊಂಡ ಮೇಲೆ ಬರಹಗಾರರಿಗೆ ನ್ಯಾಯವಾದ ಮುಂಗಡ, ಮೂರು ಕಂತಿನ ದಿನಾಂಕ, ಟೈಟಲ್ ಕಾರ್ಡಿನಲ್ಲಿ ಹೆಸರಿನ ಜಾಗ ಇವನ್ನೂ ಅದೇ ಒಪ್ಪಂದದಲ್ಲಿ ಕೊಡಿ. ಬರಹಗಾರರಿಗೆ ಮೋಸ ಮಾಡಿದ ಸಂಸ್ಥೆಗೆ ಎರಡನೇ ಒಳ್ಳೆಯ ಕಥೆ ಬರುವುದಿಲ್ಲ.

ಸಂಗೀತ ನಿರ್ದೇಶಕರು ಮತ್ತು ಗೀತರಚನೆಕಾರರ ರಾಯಧನದ ಪಾಲನ್ನು ಪೂರ್ತಿ ಬರೆಸಿಕೊಳ್ಳಲು ಬರುವುದಿಲ್ಲ. 2012ರ ತಿದ್ದುಪಡಿ ಅದಕ್ಕೆ ತಡೆ ಹಾಕಿದೆ. ‘ಎಲ್ಲ ರಾಯಧನವನ್ನೂ ಬಿಟ್ಟುಕೊಟ್ಟಿದ್ದೇನೆ’ ಎಂಬ ಹಳೆಯ ಮಾದರಿಯ ಸಾಲು ಇನ್ನೂ ಪ್ರತಿಗಳಲ್ಲಿ ತಿರುಗಾಡುತ್ತಿದೆ. ಅದಕ್ಕೆ ಬೆಲೆಯಿಲ್ಲ.

ಕಡತದಲ್ಲಿ ಇನ್ನೇನಿರಬೇಕು? ನಿರ್ದೇಶಕ, ಛಾಯಾಗ್ರಾಹಕ, ಸಂಕಲನಕಾರರ ಒಪ್ಪಂದ. ಒಂದೇ ಸಾಲು ಮಾತಾಡಿದವರೂ ಸೇರಿ ಎಲ್ಲ ನಟರ ಸಹಿ, ಮಕ್ಕಳಿದ್ದರೆ ತಂದೆತಾಯಿಯ ಸಹಿ. ಮನೆ, ಅಂಗಡಿ, ತೋಟದ ಮಾಲೀಕರ ಒಪ್ಪಿಗೆ. ಹಿನ್ನೆಲೆಯಲ್ಲಿ ರೇಡಿಯೋ ಹಾಡು ಕೇಳಿಸಿದರೆ ಅದರ ಹಕ್ಕು. ಇವನ್ನು ಚಿತ್ರೀಕರಣದ ದಿನವೇ, ಊಟದ ಬಿಡುವಿನಲ್ಲಿ, ಒಂದು ಪುಟದ ಕನ್ನಡ ನಮೂನೆಯಲ್ಲಿ ಸಹಿ ಹಾಕಿಸಿ ಫೋಟೋ ತೆಗೆದಿಡಿ. ಒಟಿಟಿ ಸಂಸ್ಥೆಯ ವಕೀಲರು ಮೊದಲು ಕೇಳುವುದೇ ಈ ಸರಪಳಿ. ಒಂದು ಕೊಂಡಿ ಕಡಿದಿದ್ದರೂ ಚೆಕ್ ತಡೆಯುತ್ತದೆ. ಆಗ ಹೋಗಿ ಸಹಿ ಕೇಳಿದರೆ, ಸಿನಿಮಾ ಮಾರಾಟವಾಗಿದೆ ಎಂದು ಊರಿಗೆಲ್ಲ ಗೊತ್ತಾಗಿರುತ್ತದೆ. ಸಹಿಯ ದರವೂ ಏರಿರುತ್ತದೆ.

ಸೆಟ್ಟಿನ ಲೆಕ್ಕ, ಸೆಟ್ಟಿನ ಡೇಟಾ

ಒಬ್ಬರಿಗೆ ಒಂದೇ ದಿನ ₹10,000 ಮೀರಿ ನಗದು ಕೊಟ್ಟರೆ ಆ ಖರ್ಚನ್ನು ಆದಾಯ ತೆರಿಗೆಯವರು ಒಪ್ಪುವುದಿಲ್ಲ. ನಗದಿನಲ್ಲಿ ₹20,000 ಅಥವಾ ಹೆಚ್ಚು ಸಾಲ ಪಡೆಯುವುದಕ್ಕೂ ತಡೆಯಿದೆ. ಕಲಾವಿದರು, ತಂತ್ರಜ್ಞರ ಸಂಭಾವನೆಯಲ್ಲಿ ಸಾಮಾನ್ಯವಾಗಿ ಶೇ 10 ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಹಿಡಿದು ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು. ಹಿಡಿಯದಿದ್ದರೆ ಆ ಖರ್ಚಿನ ಶೇ 30 ಭಾಗ ಲೆಕ್ಕದಿಂದ ಹೊರಗೆ ಬೀಳುತ್ತದೆ. ಸಂಭಾವನೆ ಮಾತಾಡುವಾಗಲೇ ‘ಇದು ಟಿಡಿಎಸ್ ಸೇರಿಯೋ, ಕಳೆದೋ’ ಎಂದು ಕೇಳಿಬಿಡಿ. ಕೊನೆಯ ಕಂತಿನಲ್ಲಿ ಬರುವ ಜಗಳಗಳಲ್ಲಿ ಅರ್ಧ ಇದೊಂದೇ ಪ್ರಶ್ನೆಯದು.

ಜಿಎಸ್‌ಟಿ ಬಿಲ್ ಕೊಡದ ಬಾಡಿಗೆದಾರ ಶೇ 10 ಕಡಿಮೆ ಹೇಳಿದರೆ ಅಗ್ಗವೆಂದುಕೊಳ್ಳಬೇಡಿ. ಬಿಲ್ ಇದ್ದರೆ ಕಟ್ಟಿದ ಶೇ 18ನ್ನು ನಾಳೆ ಹಕ್ಕು ಮಾರಿದಾಗ ಕಟ್ಟಬೇಕಾದ ಜಿಎಸ್‌ಟಿಯಿಂದ ವಜಾ ಮಾಡಿಕೊಳ್ಳಬಹುದು, ಖರ್ಚಿಗೂ ದಾಖಲೆ ಇರುತ್ತದೆ. ಸಿನಿಮಾಕ್ಕೆಂದೇ ಇರುವ ಇನ್ನೊಂದು ನಿಯಮ, ಆದಾಯ ತೆರಿಗೆಯ ಹಳೆಯ ನಿಯಮಾವಳಿಯ 9ಎ: ಮಾರ್ಚ್ 31ಕ್ಕೆ ಕನಿಷ್ಠ 90 ದಿನ ಮುಂಚೆ ಬಿಡುಗಡೆಯಾದರೆ ಮಾತ್ರ ನಿರ್ಮಾಣದ ಪೂರ್ಣ ವೆಚ್ಚ ಅದೇ ವರ್ಷದ ಆದಾಯದಲ್ಲಿ ಕಳೆಯಲು ಸಿಗುತ್ತದೆ. ಫೆಬ್ರುವರಿಯಲ್ಲಿ ಬಿಡುಗಡೆ ಇಟ್ಟುಕೊಳ್ಳುವ ಮುನ್ನ ಆಡಿಟರ್ ಜೊತೆ ಒಮ್ಮೆ ಕೂತು ಮಾತಾಡಿ.

ಇನ್ನು ಡೇಟಾ. ಅಲ್ಟ್ರಾ ಎಚ್‌ಡಿಯಲ್ಲಿ, ಪ್ರೊರೆಸ್ 422 ಎಚ್‌ಕ್ಯೂ ಎಂಬ ವಿಡಿಯೋ ಮಾದರಿಯಲ್ಲಿ, ಸೆಕೆಂಡಿಗೆ 24 ಫ್ರೇಮ್‌ನಂತೆ ತೆಗೆದರೆ ಗಂಟೆಗೆ ಸುಮಾರು 320 ಜಿಬಿ. 40 ಗಂಟೆಯ ಫುಟೇಜ್ ಎಂದರೆ ಸುಮಾರು 13 ಟಿಬಿ, ಮೂರು ಪ್ರತಿಗೆ 39 ಟಿಬಿ. ಇದರ ಹಾರ್ಡ್‌ಡಿಸ್ಕ್ ಖರ್ಚನ್ನು ಬಜೆಟ್‌ನಲ್ಲಿ ಬರೆದಿಡಿ. ಕಾರ್ಡ್‌ನಿಂದ ಏಕಕಾಲಕ್ಕೆ ಎರಡು ಡಿಸ್ಕಿಗೆ, ಚೆಕ್‌ಸಮ್ (ಪ್ರತಿ ಮೂಲದಂತೆಯೇ ಇದೆಯೇ ಎಂದು ತಿಳಿಸುವ ಸಂಖ್ಯೆ) ಹೋಲಿಸಿ ನೋಡುವ ತಂತ್ರಾಂಶದಲ್ಲೇ ಪ್ರತಿ ಮಾಡಬೇಕು. ಫೈಲನ್ನು ಮೌಸ್‌ನಲ್ಲಿ ಎಳೆದು ಬಿಟ್ಟರೆ ಸಾಲದು. ಮೂರನೇ ಪ್ರತಿ ಅದೇ ರಾತ್ರಿ ಬೇರೆ ವಾಹನದಲ್ಲಿ ಬೇರೆ ಊರಿಗೆ ಹೋಗಲಿ. ಎರಡೂ ಡಿಸ್ಕ್ ಒಂದೇ ಬ್ಯಾಗಿನಲ್ಲಿ, ಒಂದೇ ಬಸ್ಸಿನಲ್ಲಿ ಬಂದರೆ ಅದು ಒಂದೇ ಪ್ರತಿ ಇದ್ದಂತೆ. ಡೇಟಾ ನೋಡಿಕೊಳ್ಳುವವರು ‘ಸರಿ’ ಎಂದು ಸಹಿ ಹಾಕುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬಾರದು.

ಸೆನ್ಸಾರ್‌ಗೆ ಹೋಗುವ ಮುನ್ನ

ಕಥೆಯಲ್ಲಿ ನಾಯಿ, ಎತ್ತು, ಕುದುರೆ ಇದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಚಿತ್ರೀಕರಣಕ್ಕೆ ಮುಂಚೆಯೇ ಪಡೆಯಬೇಕು. ಸೆನ್ಸಾರ್ ಹೊತ್ತಿಗೆ ಓಡಿದರೆ ತಿಂಗಳುಗಳು ಹೋಗುತ್ತವೆ. ಬೀಡಿ, ಸಿಗರೇಟು ಇದ್ದರೆ ಆರಂಭದಲ್ಲೂ ಮಧ್ಯಂತರದ ನಂತರವೂ ಕನಿಷ್ಠ 30 ಸೆಕೆಂಡಿನ ಆರೋಗ್ಯ ಸಂದೇಶ, 20 ಸೆಕೆಂಡಿನ ಎಚ್ಚರಿಕೆ, ದೃಶ್ಯದ ಕೆಳಗೆ ಬರಹ ಮೂರೂ ಇರಬೇಕು. 2024ರ ನಿಯಮಗಳಿಂದ, ಪೋಷಕರ ಮಾರ್ಗದರ್ಶನ ಬೇಕೆನ್ನುವ ಯುಎ ವರ್ಗ ಈಗ 7+, 13+, 16+ ಎಂದು ಮೂರಾಗಿದೆ. ಟಿವಿಗೆ ಮಾರುವ ಆಸೆಯಿದ್ದರೆ ಯಾವ ವರ್ಗ ಸಿಗಬಹುದೆಂದು ಎಡಿಟ್ ಟೇಬಲ್‌ನಲ್ಲೇ ಯೋಚಿಸಿ. ಕೇಳದವರಿಗೆ ಕ್ಯಾಪ್ಷನ್, ಕಾಣದವರಿಗೆ ಧ್ವನಿ ವಿವರಣೆ ಸೇರಿಸುವ ಮಾರ್ಗಸೂಚಿಯೂ 2024ರಲ್ಲಿ ಬಂದಿದೆ, ಅದಕ್ಕೂ ಹಣ ಎತ್ತಿಡಿ.

ಪ್ರಮಾಣಪತ್ರದ ತಾರೀಖನ್ನು ಲಘುವಾಗಿ ನೋಡಬೇಡಿ. ರಾಷ್ಟ್ರ ಪ್ರಶಸ್ತಿಗೆ ಜನವರಿ 1ರಿಂದ ಡಿಸೆಂಬರ್ 31ರೊಳಗಿನ ಸೆನ್ಸಾರ್ ದಿನಾಂಕವೇ ಲೆಕ್ಕ. ಡಿಸೆಂಬರ್ 29ಕ್ಕೆ ಪ್ರಮಾಣಪತ್ರ ಸಿಕ್ಕ ಸಿನಿಮಾ ಮುಗಿಯುತ್ತಿರುವ ವರ್ಷದ್ದಾಗಿಬಿಡುತ್ತದೆ. ಅರ್ಜಿ ಹಾಕಲು ಉಳಿಯುವ ಸಮಯ ತೀರ ಕಡಿಮೆ. ರಾಜ್ಯ ಸರ್ಕಾರದ ಸಹಾಯಧನಕ್ಕೆ ಅರ್ಜಿ ಹಾಕಿ, ಕಾಗದಗಳನ್ನು ಒಂದೂ ಬಿಡದೆ ಸಲ್ಲಿಸಿ, ಆಮೇಲೆ ಆ ಹಣವನ್ನು ಮರೆತುಬಿಡಿ. ಕೈಗೆ ಬರುವುದು ವರ್ಷಗಳ ಮೇಲೆ. ಅದನ್ನು ನೆಚ್ಚಿ ಸಾಲ ಮಾಡಿದರೆ ಸಹಾಯಧನವನ್ನು ಬಡ್ಡಿಯೇ ತಿನ್ನುತ್ತದೆ.

ಬಿಡುಗಡೆಯ ಗಣಿತ

₹200ರ ಒಂದು ಟಿಕೆಟ್ ತೆಗೆದುಕೊಳ್ಳಿ. ಸದ್ಯ ₹100 ಮೀರಿದ ಟಿಕೆಟ್ಟಿಗೆ ಶೇ 18 ಜಿಎಸ್‌ಟಿ. ಅದನ್ನು ಕಳೆದರೆ ಉಳಿಯುವುದು ₹169.49. ಮೊದಲ ವಾರ ಚಿತ್ರಮಂದಿರ ಅರ್ಧ ಹಿಡಿದರೆ ₹84.75. ಹಂಚಿಕೆದಾರರ ಕಮಿಷನ್ ಶೇ 10 ಹೋದರೆ ನಿಮ್ಮ ಕೈಗೆ ಸುಮಾರು ₹76. ಎರಡನೇ ವಾರದಿಂದ ನಿಮ್ಮ ಪಾಲು ಇನ್ನೂ ಇಳಿಯುತ್ತದೆ. ₹1 ಕೋಟಿ ವಾಪಸ್ ಬರಬೇಕಾದರೆ 1,31,000 ಜನ ಟಿಕೆಟ್ ಕೊಳ್ಳಬೇಕು. ಶೋಗೆ 40 ಜನ ಎಂದರೂ ಸುಮಾರು 3,280 ಶೋ. ಮೊದಲ ಸಭೆಯಲ್ಲೇ ಈ ಲೆಕ್ಕವನ್ನು ಗೋಡೆಗೆ ಅಂಟಿಸಿದರೆ ಬಜೆಟ್ ತಾನಾಗಿ ಇಳಿಯುತ್ತದೆ.

ದೊಡ್ಡ ಸಿನಿಮಾ ಇಲ್ಲದ ಶುಕ್ರವಾರ ಹುಡುಕಿ, ಕಡಿಮೆ ಪರದೆಯಲ್ಲಿ, ಬೆಂಗಳೂರು, ಮೈಸೂರು ಮತ್ತು ಕಥೆ ನಡೆಯುವ ಜಿಲ್ಲೆಯಲ್ಲಿ ಶುರುಮಾಡಿ. ಬಿಡುಗಡೆಗೆ ಮುಂಚೆ ಬುಧವಾರ, ಗುರುವಾರ ಟಿಕೆಟ್ ಇಟ್ಟು ನಡೆಸುವ ಪ್ರದರ್ಶನಗಳಿಂದ ಬಾಯಿಮಾತು ಹುಟ್ಟಿದರೆ ಶೋ ಸಂಖ್ಯೆ ಏರಿಸಲು ಹಂಚಿಕೆದಾರರಿಗೆ ಹಿಡಿ ಸಿಗುತ್ತದೆ. 150 ಪರದೆಯಲ್ಲಿ ಖಾಲಿ ಕುರ್ಚಿಗೆ ತೋರಿಸಿದರೆ ಸೋಮವಾರ ಎಲ್ಲ ಶೋ ಕಿತ್ತುಹಾಕುತ್ತಾರೆ, ಪ್ರತಿ ಪರದೆಯ ಡಿಜಿಟಲ್ ಶುಲ್ಕ ಮಾತ್ರ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ.

ಡಿಸಿಪಿ (ಚಿತ್ರಮಂದಿರಕ್ಕೆ ಹೋಗುವ ಡಿಜಿಟಲ್ ಪ್ರತಿ) ಮಾಡಿಸಿದ ಮೇಲೆ ನಿಜವಾದ ಚಿತ್ರಮಂದಿರದಲ್ಲಿ ಮೊದಲಿಂದ ಕೊನೆಯವರೆಗೆ ಒಮ್ಮೆ ಓಡಿಸಿ ನೋಡಿ. ಅಗಲ ಪರದೆಯ ಸ್ಕೋಪ್ ಸಿನಿಮಾ, 2ಕೆ ಡಿಸಿಪಿಯಾದರೆ, 2048×858 ಪಿಕ್ಸೆಲ್‌ನಲ್ಲಿ ಇದೆಯೇ? ಕೊನೆಯ ರೀಲಿನ ತನಕ ತುಟಿ, ಮಾತು ಹೊಂದುತ್ತಿದೆಯೇ? 25 ಫ್ರೇಮ್‌ನಲ್ಲಿ ಎಡಿಟ್ ಮಾಡಿ 24ಕ್ಕೆ ಇಳಿಸಿದ್ದರೆ ಧ್ವನಿ ಶೇ 4ರಷ್ಟು ನಿಧಾನವಾಗಿ, ಗಂಟಲು ಭಾರವಾಗಿ ಕೇಳಿಸುತ್ತದೆ. ಡಿಸಿಪಿ ತೆರೆಯುವ ಕೀಲಿಯಾದ ಕೆಡಿಎಂ ಆಯಾ ಪರದೆಯ ಸರ್ವರ್‌ಗೆಂದೇ, ಇಂತಿಷ್ಟು ಗಂಟೆಗೆಂದೇ ತಯಾರಾಗುತ್ತದೆ. ಗುರುವಾರ ಚಿತ್ರಮಂದಿರದವರು ನಿಮ್ಮ ಸಿನಿಮಾವನ್ನು 2ನೇ ಪರದೆಯಿಂದ 4ಕ್ಕೆ ಬದಲಾಯಿಸಿದರೆ ಹಳೆಯ ಕೀಲಿ ಕೆಲಸ ಮಾಡುವುದಿಲ್ಲ. ಶುಕ್ರವಾರ ಬೆಳಗಿನ ಶೋ ಕಪ್ಪಗೆ ನಿಲ್ಲುವುದು ಹೆಚ್ಚಾಗಿ ಈ ಕಾರಣಕ್ಕೆ. ಗುರುವಾರ ರಾತ್ರಿ ಪ್ರತಿ ಪರದೆಗೂ ಫೋನ್ ಮಾಡಿ ‘ಕೀಲಿ ತೆರೆಯಿತೇ’ ಎಂದು ಕೇಳುವ ಒಬ್ಬರನ್ನು ಇಟ್ಟುಕೊಳ್ಳಿ.

ಒಟಿಟಿಯವರು ಮೊದಲಿನಂತೆ ಸಣ್ಣ ಕನ್ನಡ ಸಿನಿಮಾಗಳಿಗೆ ಇಡಿಗಂಟು ಕೊಡುತ್ತಿಲ್ಲ. ಹಲವರು ನೋಡಿದ ಹೊತ್ತಿಗೆ ತಕ್ಕಂತೆ ಪಾಲು ಕೊಡುತ್ತಾರೆ. ಈ ಹಣವನ್ನು ಬಜೆಟ್‌ನ ಆದಾಯದ ಕಾಲಮ್ಮಿನಲ್ಲಿ ಸೊನ್ನೆ ಎಂದೇ ಬರೆಯಿರಿ. 2024ರಲ್ಲಿ ‘ಏಕಂ’ ಸರಣಿಯ ನಿರ್ಮಾಪಕರು ಸ್ವಂತ ಜಾಲತಾಣದಲ್ಲೇ ಅದನ್ನು ಬಿಡುಗಡೆ ಮಾಡಿದರು. ಆ ದಾರಿ ಹಿಡಿಯುವುದಾದರೆ ಹೆಸರು ಬಲ್ಲ ಪ್ರೇಕ್ಷಕ ವರ್ಗ ಮೊದಲೇ ಇರಬೇಕು. ಹಕ್ಕು ಮಾರುವಾಗ ಡಿಜಿಟಲ್, ಸ್ಯಾಟಲೈಟ್, ಹಿಂದಿ ಡಬ್ಬಿಂಗ್, ರಿಮೇಕ್, ಆಡಿಯೋ, ವಿಮಾನ ಪ್ರದರ್ಶನ ಒಂದೊಂದನ್ನೂ ಬೇರೆ ಮಾಡಿ, ಒಂದೊಂದಕ್ಕೂ ವರ್ಷಗಳ ಮಿತಿ ಹಾಕಿ. ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ’ ಎಂಬ ಒಂದೇ ಸಾಲಿಗೆ ಸಹಿ ಹಾಕಿದರೆ ಮೊದಲ ಸಿನಿಮಾ ಸಂಸ್ಥೆಗೆ ಮತ್ತೆಂದೂ ಒಂದು ರೂಪಾಯಿ ತರುವುದಿಲ್ಲ.

ಉತ್ಸವಗಳಿಗೆ ಕಳಿಸುವುದಾದರೆ ಬಿಡುಗಡೆಗೆ ಮುಂಚೆ ಕಳಿಸಿ. ದೊಡ್ಡ ಉತ್ಸವಗಳು ಬೇರೆಡೆ ತೋರಿಸಿದ ಸಿನಿಮಾವನ್ನು ಮುಖ್ಯ ವಿಭಾಗಕ್ಕೆ ತೆಗೆದುಕೊಳ್ಳುವುದು ಕಡಿಮೆ.

ನಡುವಿನ ತಿಂಗಳುಗಳು

ಬಾಡಿಗೆ ₹35,000, ಲೆಕ್ಕಿಗರಿಗೆ ₹30,000, ಇಬ್ಬರು ಸಿಬ್ಬಂದಿಗೆ ₹60,000, ಕರೆಂಟು, ಇಂಟರ್ನೆಟ್, ಓಡಾಟ ₹25,000. ತಿಂಗಳಿಗೆ ₹1.5 ಲಕ್ಷ. ಎರಡು ಸಿನಿಮಾಗಳ ನಡುವೆ 20 ತಿಂಗಳು ಎಂದರೆ ₹30 ಲಕ್ಷ. ಈ ಹಣವನ್ನು ಯಾರೂ ಬಜೆಟ್‌ನಲ್ಲಿ ಬರೆಯುವುದಿಲ್ಲ, ಸಂಸ್ಥೆ ಮುಳುಗುವುದು ಇಲ್ಲೇ. ಎರಡು ಕೆಲಸ ಮಾಡಿ. ಪ್ರತಿ ಸಿನಿಮಾದ ಬಜೆಟ್‌ನಲ್ಲೂ ಸಂಸ್ಥೆಯ ನಿರ್ವಹಣಾ ವೆಚ್ಚವೆಂದು ಶೇ 5ರಿಂದ 7 ಬರೆದು, ಹೂಡಿಕೆದಾರರಿಗೆ ಮೊದಲೇ ತೋರಿಸಿ ತೆಗೆದುಕೊಳ್ಳಿ. ಜೊತೆಗೆ ಜಾಹೀರಾತು, ಸಂಸ್ಥೆಗಳ ಕಿರುಚಿತ್ರ, ಹೊರರಾಜ್ಯದ ತಂಡಗಳಿಗೆ ಲೈನ್ ಪ್ರೊಡಕ್ಷನ್ ಮಾಡಿ. ಹಂಪಿ, ಮಡಿಕೇರಿ, ಕರಾವಳಿಗೆ ಬರುವ ತಂಡಕ್ಕೆ ಸ್ಥಳೀಯ ಅನುಮತಿ, ಊಟ, ವಾಹನ, ಜನ ಎಲ್ಲ ಹೊಂದಿಸಿಕೊಡುವ ಈ ಕೆಲಸದಲ್ಲಿ ಸ್ವಂತ ಬಂಡವಾಳ ಸಿಕ್ಕಿಹಾಕಿಕೊಳ್ಳುವುದಿಲ್ಲ, ಆದರೆ ಶೇ 50 ಮುಂಗಡ ಬಾರದೆ ಒಂದು ಗಾಡಿಯನ್ನೂ ಬುಕ್ ಮಾಡಬೇಡಿ.

ಕ್ಯಾಮೆರಾ ಕೊಳ್ಳುವ ಆಸೆ ಇದೇ ಹೊತ್ತಿನಲ್ಲಿ ಬರುತ್ತದೆ. ವರ್ಷಕ್ಕೆ 100 ದಿನ ದುಡಿಸುವ ಖಾತ್ರಿಯಿಲ್ಲದಿದ್ದರೆ ಬೇಡ. ಬಾಡಿಗೆಯೇ ಅಗ್ಗ. ಆ ಹಣವನ್ನು ಮೂರು ಬರಹಗಾರರಿಗೆ ಮುಂಗಡವಾಗಿ ಕೊಟ್ಟು ಮೂರು ಚಿತ್ರಕಥೆ ಬರೆಸಿ. ಒಂದು ಬರಡಾದರೂ ಎರಡು ಉಳಿಯುತ್ತವೆ. ನವೆಂಬರ್‌ನಲ್ಲಿ ಗೋವಾದಲ್ಲಿ, 2007ರಲ್ಲಿ ಎನ್‌ಎಫ್‌ಡಿಸಿ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ಶುರುಮಾಡಿದ, ಈಗ ವೇವ್ಸ್ ಫಿಲ್ಮ್ ಬಜಾರ್ ಎನ್ನುವ ಸಿನಿಮಾ ಮಾರುಕಟ್ಟೆಗೆ ಹೋಗುವುದಾದರೆ ಕೈಯಲ್ಲಿ ಇಂಥ ಸಿದ್ಧ ಚಿತ್ರಕಥೆ, ಎರಡು ಪುಟದ ಬಜೆಟ್, ಆಗಲೇ ಕೂಡಿದ ಹಣದ ಪುರಾವೆ ಇರಬೇಕು. ಬರೀ ಕಥೆ ಹೇಳಲು ಹೋದವರಿಗೆ ಅಲ್ಲಿ ಸಮಯ ಸಿಗುವುದು ಕಷ್ಟ.

ಎರಡನೇ ಸಿನಿಮಾಕ್ಕೆ ಮೊದಲಿನದರ ಎರಡು ಪಟ್ಟು ಬಜೆಟ್ ಹಾಕುವುದು ಸಾಮಾನ್ಯ ತಪ್ಪು. ಮೊದಲನೆಯದು ನಿಜವಾಗಿ ತಂದ ಹಣ ನೋಡಿ, ಒಂದೂವರೆ ಪಟ್ಟಿನೊಳಗೆ ನಿಲ್ಲಿಸಿ. ಹಳೆಯ ಹೂಡಿಕೆದಾರರಿಗೆ ಮೂರು ತಿಂಗಳಿಗೊಮ್ಮೆ ಒಂದು ಪುಟದ ಲೆಕ್ಕ ಕಳಿಸಿ, ನಷ್ಟವಾಗಿದ್ದರೂ ಕಳಿಸಿ: ಬಂದದ್ದು, ಜಿಎಸ್‌ಟಿ, ಕಮಿಷನ್, ಪ್ರಚಾರದ ಖರ್ಚು, ಸಾಲ, ಅವರ ಅಸಲು, ಕೊನೆಗೆ ಲಾಭ, ಇದೇ ಕ್ರಮದಲ್ಲಿ. ಈ ಕ್ರಮವನ್ನು ಒಪ್ಪಂದದಲ್ಲೂ ಹೀಗೆಯೇ ಬರೆದಿರಬೇಕು. ಲೆಕ್ಕ ಸಿಕ್ಕವರು ಕಡಿಮೆ ಹಣ ಬಂದರೂ ಮತ್ತೆ ಹಾಕುತ್ತಾರೆ.

ಮೂರನೆಯದರ ಹೊತ್ತಿಗೆ ಹಳೆಯ ಸಿನಿಮಾಗಳ ಹಕ್ಕುಗಳ ಅವಧಿ ಮುಗಿಯುತ್ತ ಬರುತ್ತದೆ. ಯಾವ ಹಕ್ಕು, ಯಾರಲ್ಲಿ, ಯಾವ ದಿನಾಂಕದ ತನಕ ಎಂಬ ಒಂದು ಹಾಳೆ ಮಾಡಿ, ಮುಗಿಯುವ ಆರು ತಿಂಗಳು ಮುಂಚೆ ನೆನಪಿಸುವಂತೆ ಇಟ್ಟುಕೊಳ್ಳಿ. ಮತ್ತೆ ಮಾರಬೇಕಾದರೆ ಕೇಳುವುದು: ಅಕ್ಷರಗಳಿಲ್ಲದ ಪ್ರೊರೆಸ್ ಮಾಸ್ಟರ್, 5.1 ಧ್ವನಿ, ಮಾತಿಲ್ಲದ ಸಂಗೀತ-ಶಬ್ದದ ಟ್ರ್ಯಾಕ್, ಇಂಗ್ಲಿಷ್ ಸಬ್‌ಟೈಟಲ್, ಸೆನ್ಸಾರ್ ಪ್ರಮಾಣಪತ್ರ, ಹಕ್ಕುಗಳ ಕಡತ. ಮಾತಿಲ್ಲದ ಟ್ರ್ಯಾಕ್ ಇಲ್ಲದೆ ಯಾವ ಭಾಷೆಗೂ ಚೆನ್ನಾಗಿ ಡಬ್ ಮಾಡಲಾಗದು. ಮಿಕ್ಸಿಂಗ್ ಮುಗಿದ ದಿನವೇ ಸ್ಟುಡಿಯೋದಿಂದ ತೆಗೆಸಿಕೊಳ್ಳಿ, ಐದು ವರ್ಷದ ನಂತರ ಆ ಸೆಷನ್ ಅಲ್ಲಿ ಸಿಗುವ ಭರವಸೆಯಿಲ್ಲ. ಹಾರ್ಡ್‌ಡಿಸ್ಕನ್ನು ಬೀರುವಿನಲ್ಲಿಟ್ಟು ಮರೆತರೆ ಕೆಡುತ್ತದೆ. ಆರು ತಿಂಗಳಿಗೊಮ್ಮೆ ಚಾಲೂ ಮಾಡಿ ಚೆಕ್‌ಸಮ್ ಹೋಲಿಸಿ ನೋಡಿ, ಸಾಧ್ಯವಾದಾಗ ದೀರ್ಘಕಾಲ ಉಳಿಯುವ ಎಲ್‌ಟಿಒ ಡೇಟಾ ಟೇಪಿಗೆ ಒಂದು ಪ್ರತಿ ಹಾಕಿಸಿ.